ಹಿತ್ತಲ ಕೋಳಿಗೆ ನರಿ ಕಾಟವೇ? ಬೇಲಿ ಹಾಕಿಸುವ ಮೊದಲು ಇಷ್ಟು ಮಾಡಿ

ಕೋಳಿ ಹೋದ ಮಾರನೆಯ ದಿನ ನಮ್ಮ ಬಯಲುಸೀಮೆಯಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಬೇಲಿಯ ರೇಟು ವಿಚಾರಿಸುವುದು. ಅಡಿಗೆ ಎಷ್ಟು, ಕಂಬಕ್ಕೆ ಎಷ್ಟು, ಕೂಲಿ ಯಾರದು ಅಂತ. ಬೇಲಿಯಿಂದ ಪ್ರಯೋಜನವಿಲ್ಲ ಎಂದೇನೂ ನಾನು ಹೇಳುವುದಿಲ್ಲ. ಆದರೆ ಅದರ ಸರದಿ ಬರುವುದು ಕೊನೆಗೆ. ತಿನ್ನಲು ಸಿಗುವ ಜಾಗಕ್ಕೆ ನರಿ ಬೇಲಿ ನುಸುಳಿಯಾದರೂ ಬರುತ್ತದೆ. ಏನೂ ಸಿಗದ ಹಿತ್ತಲಿಗೆ ಬೇಲಿ ಇಲ್ಲದಿದ್ದರೂ ಎರಡನೇ ಸಲ ಕಾಲಿಡುವುದು ಅಪರೂಪ. ಹೊತ್ತು ಮುಳುಗುವ ಮುಂಚೆ ಕೋಳಿ ಗೂಡು ಸೇರಿ ಅಗುಳಿ ಬೀಳಬೇಕು, ಹಿತ್ತಲಲ್ಲಿ ಸತ್ತದ್ದು ಕೊಳೆತದ್ದು ಬಿದ್ದಿರಬಾರದು. ಇವೆರಡು ಸರಿಹೋದರೆ ಮುಕ್ಕಾಲು ಪಾಲು ಕಾಟ ಅಲ್ಲಿಗೆ ನಿಲ್ಲುತ್ತದೆ. ಊರಂಚಿನ ಮನೆ, ತೋಟದ ಮನೆಗಳಲ್ಲಿ ಹತ್ತಿಪ್ಪತ್ತು ಕೋಳಿ ಸಾಕಿಕೊಂಡಿರುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ದೊಡ್ಡ ಫಾರಂ ಲೆಕ್ಕವೇ ಬೇರೆ.

ಮೊದಲು: ಬಂದದ್ದು ನರಿಯೇ ಹೌದೇ?

ಕೋಳಿ ಕಾಣೆಯಾದರೆ ಆರೋಪ ನರಿಯ ಮೇಲೆ. ನಿಜವಾಗಿ ನೋಡಹೋದರೆ ಬೀದಿ ನಾಯಿ, ಮುಂಗುಸಿ, ಕಾಡುಬೆಕ್ಕು, ಪುನುಗು ಬೆಕ್ಕು, ಕೇರೆ ಹಾವು, ಗಿಡುಗ ಎಲ್ಲವೂ ಈ ಸಾಲಿನಲ್ಲಿವೆ. ಯಾರು ಬಂದಿದ್ದಾರೆಂದು ತಿಳಿಯದೆ ಖರ್ಚು ಮಾಡಿದರೆ ದುಡ್ಡು ಹೋಗುತ್ತದೆ, ಕೋಳಿಯೂ ಹೋಗುತ್ತದೆ. ಮುಂಗುಸಿಗೆ ನೀವು ಆರಡಿ ಬೇಲಿ ಹಾಕಿಸಿದರೆ ಅದು ಜಾಲರಿಯ ಕಣ್ಣಿನಲ್ಲೇ ತೂರಿಕೊಂಡು ಬರುತ್ತದೆ.

ಬೆಳಿಗ್ಗೆ ಅಂಗಳ ಗುಡಿಸುವ ಮೊದಲು ಗೂಡಿನ ಸುತ್ತ ಒಂದು ಸುತ್ತು ಹಾಕಿ. ಕೋಳಿ ಪೂರ್ತಿ ಮಾಯವಾಗಿ, ಒಂದು ಕಡೆ ಗರಿಗಳ ರಾಶಿ ಬಿದ್ದು, ಅಲ್ಲಿಂದ ಹೊಲದ ಕಡೆಗೋ ಪೊದೆಯ ಕಡೆಗೋ ಗರಿಗಳ ಜಾಡು ಹೋಗಿದ್ದರೆ ನರಿ ಅಥವಾ ಕಾಡುಬೆಕ್ಕು ಎಂದು ಅನುಮಾನಿಸಬಹುದು. ಎರಡೂ ಬೇಟೆಯನ್ನು ಕಚ್ಚಿಕೊಂಡು ದೂರ ಹೋಗಿ ತಿನ್ನುತ್ತವೆ. ನಾಲ್ಕೈದು ಕೋಳಿ ಸತ್ತು ಅಲ್ಲಲ್ಲೇ ಬಿದ್ದಿವೆ, ತಿಂದದ್ದು ಕಡಿಮೆ ಎಂದಾದರೆ ಬಹುಮಟ್ಟಿಗೆ ನಾಯಿ. ನಾಯಿ ಆಟಕ್ಕೆ ಅಟ್ಟಾಡಿಸಿ ಕೊಲ್ಲುತ್ತದೆ. ಹಾಡಹಗಲೇ ಮರಿ, ಮೊಟ್ಟೆ ಹೋಗುತ್ತಿದ್ದರೆ ಮುಂಗುಸಿ ಅಥವಾ ಗಿಡುಗ. ಗೂಡಿನೊಳಗೇ ಮೊಟ್ಟೆ ಮಾತ್ರ ಮಾಯವಾಗಿ ಚಿಪ್ಪೂ ಸಿಗದಿದ್ದರೆ ಹಾವಿನ ಮೇಲೆ ಅನುಮಾನ ಪಡಿ. ಕೈ ಹಾಕುವ ಮುನ್ನ ಟಾರ್ಚ್ ಬಿಟ್ಟು ನೋಡಿ. ಹಂಚು ಸರಿಸಿ ಮೇಲಿನಿಂದ ಇಳಿದಿದ್ದರೆ ಪುನುಗು ಬೆಕ್ಕೋ ಮರಬೆಕ್ಕೋ ಇರಬೇಕು. ನರಿ ಮಾಡು ಹತ್ತುವ ಪ್ರಾಣಿಯಲ್ಲ.

ಇನ್ನೂ ಖಚಿತವಾಗಬೇಕೆಂದರೆ ಸಂಜೆ ಗೂಡಿನ ಸುತ್ತ ಜರಡಿ ಹಿಡಿದ ನಯವಾದ ಮಣ್ಣನ್ನೋ ಬೂದಿಯನ್ನೋ ಎರಡಡಿ ಅಗಲಕ್ಕೆ ಹರಡಿ. ಬೆಳಿಗ್ಗೆ ಹೆಜ್ಜೆ ಕಾಣುತ್ತದೆ. ನಾಯಿ ಜಾತಿಯ ಹೆಜ್ಜೆಯಲ್ಲಿ ನಾಲ್ಕು ಬೆರಳು, ಉಗುರಿನ ಗುರುತು ಸ್ಪಷ್ಟ. ಬೆಕ್ಕಿನ ಜಾತಿ ಉಗುರು ಒಳಗೆಳೆದುಕೊಂಡು ನಡೆಯುವುದರಿಂದ ಹೆಜ್ಜೆ ದುಂಡಗೆ, ಉಗುರಿಲ್ಲದೆ ಮೂಡುತ್ತದೆ. ಮುಂಗುಸಿಯದು ಚಿಕ್ಕದು, ಐದು ಬೆರಳು. ನಾಯಿ ಹೆಜ್ಜೆಗೂ ನರಿ ಹೆಜ್ಜೆಗೂ ವ್ಯತ್ಯಾಸ ಹಿಡಿಯುವುದು ಕಷ್ಟವೇ. ನರಿಯದು ಸ್ವಲ್ಪ ನೀಳ, ನಡೆದ ದಾರಿ ನೇರವಾಗಿರುತ್ತದೆ. ನಾಯಿ ಅಲ್ಲಿ ಮೂಸಿ ಇಲ್ಲಿ ಮೂಸಿ ಅಡ್ಡಾದಿಡ್ಡಿ ನಡೆಯುತ್ತದೆ. ಹಿಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು. ಕೂದಲು, ಬಾರೆ ಹಣ್ಣಿನ ಬೀಜ, ಈಚಲ ಬೀಜ ಸೇರಿದ ಹಿಕ್ಕೆಯನ್ನು ಬದುವಿನ ಮೇಲೆ, ಕಲ್ಲಿನ ಮೇಲೆ, ಕಾಲುದಾರಿಯ ನಟ್ಟನಡುವೆ ಎಲ್ಲರಿಗೂ ಕಾಣುವಂತೆ ಬಿಟ್ಟು ಹೋಗುವುದು ನರಿಯ ಅಭ್ಯಾಸ.

ಎರಡು ನರಿ, ಎರಡು ಲೆಕ್ಕ

ಕರ್ನಾಟಕದ ಬಯಲಲ್ಲಿ ನರಿ ಎಂದು ಕರೆಸಿಕೊಳ್ಳುವ ಪ್ರಾಣಿ ಎರಡಿವೆ. ಊರೂರಿಗೆ ಹೆಸರು ಅದಲುಬದಲಾಗುವುದರಿಂದ ಇಲ್ಲಿ ದೊಡ್ಡ ನರಿ, ಸಣ್ಣ ನರಿ ಎಂದೇ ಬರೆಯುತ್ತೇನೆ. ದೊಡ್ಡದು ಸುಮಾರು 8ರಿಂದ 11 ಕಿಲೋ ತೂಗುತ್ತದೆ, ಸಣಕಲು ನಾಯಿಯಷ್ಟು ಎತ್ತರ, ಮೋಟು ಬಾಲ. ಮುಸ್ಸಂಜೆಗೆ ಒಂದು ಊಳಿಟ್ಟರೆ ಉಳಿದವು ದನಿಗೂಡಿಸುತ್ತವಲ್ಲ, ಅದು ಇದೇ. ಸಣ್ಣದು 2ರಿಂದ 4 ಕಿಲೋ, ದೊಡ್ಡ ಕಿವಿ, ಮೈಯುದ್ದಕ್ಕೆ ಹೋಲಿಸಿದರೆ ಉದ್ದನೆಯ ಪೊದೆ ಬಾಲ, ಬಾಲದ ತುದಿ ಕಪ್ಪು. ಕೊಪ್ಪಳ, ರಾಯಚೂರು, ಬಳ್ಳಾರಿ, ಚಿತ್ರದುರ್ಗ ಕಡೆಯ ಹುಲ್ಲುಗಾವಲು, ಬೀಳು ಹೊಲಗಳಲ್ಲಿ ಬಿಲ ತೋಡಿಕೊಂಡಿರುತ್ತದೆ. ದಟ್ಟ ಕಾಡಿಗೆ ಹೋಗುವುದಿಲ್ಲ.

ಸಣ್ಣ ನರಿಯ ಬಗ್ಗೆ ನನ್ನ ಸಲಹೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡಿ ಎಂಬುದೇ. ಗೆದ್ದಲು, ಮಿಡತೆ, ಇಲಿ, ಓತಿಕ್ಯಾತ, ಬಾರೆ ಹಣ್ಣು ಇದರ ಊಟ. ಎರಡು ಕಿಲೋ ಹುಂಜವನ್ನು ಎತ್ತಿಕೊಂಡು ಹೋಗುವ ತಾಕತ್ತು ಅದಕ್ಕೆ ಕಡಿಮೆ. ಹೆಚ್ಚೆಂದರೆ ಅಂಗಳದಲ್ಲಿ ಅಡ್ಡಾಡುವ ಮರಿಗೆ ಕೈ ಹಾಕೀತು. ಶೇಂಗಾ ಹೊಲದಲ್ಲಿ ಇಲಿ ತಿಂದು ಅದು ಮಾಡುವ ಉಪಕಾರ ಆ ಒಂದೆರಡು ಮರಿಗಿಂತ ದೊಡ್ಡದು. ಮುಂದಿನದೆಲ್ಲ ದೊಡ್ಡ ನರಿಯನ್ನು ಕುರಿತದ್ದು.

ಹಿತ್ತಲಿನ ಊಟ ನಿಲ್ಲಿಸಿ

ನರಿಗೆ ಕೋಳಿಯೇ ಆಗಬೇಕೆಂದಿಲ್ಲ. ಸಿಕ್ಕಿದ್ದು ತಿನ್ನುವ ಪ್ರಾಣಿ ಅದು. ಕೊಳೆತ ಮಾಂಸ, ಇಲಿ, ಹಣ್ಣು, ನಾಯಿಗೆ ಹಾಕಿ ಉಳಿದ ಅನ್ನ ಎಲ್ಲವೂ ಆದೀತು. ವಾಸನೆ ಹಿಡಿದು ಬಂದ ಮೇಲೆ ಕೋಳಿ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಹಾಗಾಗಿ ಹಿತ್ತಲನ್ನು ನರಿಯ ಮೂಗಿನಿಂದ ಒಮ್ಮೆ ನೋಡಿ. ಸತ್ತ ಕೋಳಿಯನ್ನು ಬೇಲಿಯಾಚೆ ಬಿಸಾಡುವ ಅಭ್ಯಾಸ ಹಳ್ಳಿಗಳಲ್ಲಿ ಇನ್ನೂ ಇದೆ. ನರಿಗೆ ಇದಕ್ಕಿಂತ ದೊಡ್ಡ ಆಹ್ವಾನ ಪತ್ರಿಕೆ ಬೇರೆ ಬೇಡ. ಮೂರಡಿ ಗುಂಡಿ ತೆಗೆದು, ಸುಣ್ಣ ಹರಡಿ, ಮಣ್ಣು ಮುಚ್ಚಿ, ಮೇಲೊಂದು ಚಪ್ಪಡಿ ಕಲ್ಲು ಎಳೆಯಿರಿ. ಹಬ್ಬಕ್ಕೆ ಕುಯ್ದಾಗ ಉಳಿಯುವ ಪುಕ್ಕ, ಕರುಳಿಗೂ ಅದೇ ದಾರಿ. ಹಸು ಎಮ್ಮೆ ಕರು ಹಾಕಿದಾಗ ಬೀಳುವ ಸತ್ತೆಯನ್ನು ತಿಪ್ಪೆಗೆ ಎಸೆಯಬೇಡಿ. ಹಿಂದಿನವರು ಅದನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಎತ್ತರದಲ್ಲಿ ಕಟ್ಟುತ್ತಿದ್ದರು. ಹಾಗೆ ಕಟ್ಟಿದರೆ ಹಸು ಹಾಲು ಚೆನ್ನಾಗಿ ಕೊಡುತ್ತದೆಂಬ ನಂಬಿಕೆ ಇತ್ತು. ಹಾಲಿನ ಮಾತು ಹೇಗೇ ಇರಲಿ, ನಾಯಿ ನರಿಗಳ ಬಾಯಿಗಂತೂ ಅದು ಸಿಗುತ್ತಿರಲಿಲ್ಲ. ಹತ್ತಿರದಲ್ಲಿ ಆಲದ ಮರವಿಲ್ಲದಿದ್ದರೆ ಆಳವಾಗಿ ಹೂಳಿ.

ಮನೆ ಸುತ್ತ ಉದುರುವ ಸಪೋಟ, ನೇರಳೆ, ಬಾರೆ, ಹಲಸಿನ ತೊಳೆಗಳನ್ನು ಸಂಜೆಯೊಳಗೆ ಆರಿಸಿ ದನಕ್ಕೆ ಹಾಕಿ. ನಾಯಿಯ ತಟ್ಟೆಯನ್ನು ರಾತ್ರಿ ಹೊರಗೆ ಬಿಡಬೇಡಿ. ಕೋಳಿಗೆ ಚೆಲ್ಲಿದ ಕಾಳು ಉಳಿದರೆ ಇಲಿ ಬರುತ್ತದೆ, ಇಲಿ ಬಂದಲ್ಲಿ ನರಿಯೂ ಬರುತ್ತದೆ, ಹಾವೂ ಬರುತ್ತದೆ. ದಾಸ್ತಾನು ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿರಲಿ.

ಇನ್ನೊಂದು ತೊಂದರೆ ನಿಮ್ಮ ಹಿತ್ತಲಿನದಲ್ಲ, ಊರಿನದು. ಕೋಳಿ ಅಂಗಡಿಗಳ ತ್ಯಾಜ್ಯವನ್ನು ರಾತ್ರೋರಾತ್ರಿ ಕೆರೆ ಏರಿಯ ಕೆಳಗೋ ಹಳ್ಳದ ದಂಡೆಗೋ ಸುರಿದು ಹೋಗುವ ಪದ್ಧತಿ ಪಟ್ಟಣಗಳ ಅಂಚಿನಲ್ಲೆಲ್ಲ ಇದೆ. ಅಲ್ಲಿ ಬೀದಿ ನಾಯಿಗಳೂ ನರಿಗಳೂ ಕೊಬ್ಬುತ್ತವೆ. ಸುರಿಯುವುದು ನಿಂತ ದಿನ ಹಸಿದು ಪಕ್ಕದ ಮನೆಗಳತ್ತ ಬರುತ್ತವೆ. ಒಬ್ಬರೇ ಹೋಗಿ ಜಗಳವಾಡಿದರೆ ಏನೂ ಆಗದು. ನಾಲ್ಕು ಮನೆಯವರು ಸೇರಿ ಗ್ರಾಮ ಪಂಚಾಯಿತಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.

ಅಡಗುವ ಜಾಗದ ಕಡೆಗೂ ಗಮನವಿರಲಿ. ಹಗಲು ನರಿ ಮಲಗುವುದು ಬಳ್ಳಾರಿ ಜಾಲಿಯ ಮೆಳೆ, ಲಂಟಾನ ಪೊದೆ, ಕಬ್ಬಿನ ಗದ್ದೆ, ಪಾಳು ಬಿದ್ದ ಮೋರಿಗಳಲ್ಲಿ. ಗೂಡಿನಿಂದ ಇಪ್ಪತ್ತು ಮೂವತ್ತು ಅಡಿಯವರೆಗೆ ಪೊದೆ ಸವರಿ ಬಯಲು ಮಾಡಿ. ಬಯಲು ದಾಟಿ ಬರಲು ಅದು ಹಿಂಜರಿಯುತ್ತದೆ. ಪಕ್ಕದ ಹೊಲದ ಕಬ್ಬು ಕಡಿಯುವ ವಾರ ಸ್ವಲ್ಪ ಹೆಚ್ಚೇ ಎಚ್ಚರವಾಗಿರಿ. ಇದ್ದ ಆಸರೆ ಒಮ್ಮೆಲೇ ಹೋದಾಗ ಪ್ರಾಣಿಗಳು ದಿಕ್ಕುಗೆಟ್ಟು ಮನೆಗಳ ಹತ್ತಿರ ಸುಳಿಯುತ್ತವೆ.

ಗೂಡು: ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ

ಮಂಕರಿ ಕವಚಿ ಮೇಲೊಂದು ಕಲ್ಲಿಡುವ ಪದ್ಧತಿ ಮನೆಯೊಳಗೆ ಸರಿ. ಅಂಗಳದಲ್ಲಿ ಹಾಗೆ ಇಟ್ಟರೆ ನರಿ ಮೂತಿಯಿಂದ ನೂಕಿ ಉರುಳಿಸುತ್ತದೆ. ಮಣ್ಣಿನ ಗೋಡೆಯ ಹಳೆಯ ಗೂಡಿನಲ್ಲಿ ಬಾಗಿಲ ಕೆಳಗಿನ ಸಂದು, ಮಳೆಗೆ ಕರಗಿದ ಮೂಲೆ ಇವೇ ದಾರಿ.

ಹೊಸದಾಗಿ ಮಾಡಿಸುವುದಾದರೆ ಗೂಡನ್ನು ನೆಲದಿಂದ ಎರಡೂವರೆ ಮೂರಡಿ ಮೇಲೆ ಕಲ್ಲು ಕಂಬದ ಮೇಲೋ ಕಬ್ಬಿಣದ ಕಾಲಿನ ಮೇಲೋ ನಿಲ್ಲಿಸಿ. ಕೆಳಗೆ ಗಾಳಿಯಾಡುತ್ತದೆ, ಹಿಕ್ಕೆ ಬಳಿಯುವುದೂ ಸುಲಭ, ಅಡಿಯಿಂದ ತೋಡುವ ಮಾತೇ ಬರುವುದಿಲ್ಲ. ಏಣಿಯಂಥ ಹಲಗೆ ಇಟ್ಟರೆ ಕೋಳಿ ತಾನೇ ಹತ್ತುತ್ತದೆ; ರಾತ್ರಿ ಆ ಹಲಗೆ ತೆಗೆದಿಡಿ.

ಜಾಲರಿ ಕೊಳ್ಳುವಾಗ ಅಂಗಡಿಯವರು ಮೊದಲು ತೋರಿಸುವುದು ಜೇನುಗೂಡಿನ ಕಣ್ಣಿನ ತೆಳು ಕೋಳಿ ಜಾಲರಿ. ಅದು ಕೋಳಿಯನ್ನು ಒಳಗಿಡಲು ಸಾಕು, ನರಿಯನ್ನು ಹೊರಗಿಡಲು ಸಾಲದು. ಹಲ್ಲಿಟ್ಟು ಎಳೆದರೆ ಬಿಚ್ಚಿಕೊಳ್ಳುತ್ತದೆ, ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ವೆಲ್ಡ್ ಮೆಶ್ ಕೇಳಿ. ಕಣ್ಣು ಒಂದು ಇಂಚು, ತಂತಿ 12ರಿಂದ 14 ಗೇಜ್ ಇರಲಿ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ ಎಂಬುದನ್ನು ಮರೆಯಬೇಡಿ. ಅಂಗಡಿಯಲ್ಲಿ ಎಷ್ಟೋ ಜನ ಇದನ್ನೇ ತಿರುವುಮುರುವು ಹಿಡಿಯುತ್ತಾರೆ. ಮುಂಗುಸಿ, ಹೆಗ್ಗಣ, ಹಾವಿನ ಕಾಟವೂ ಇದ್ದರೆ ಕೆಳಗಿನ ಎರಡಡಿಗೆ ಅರ್ಧ ಇಂಚಿನ ಕಣ್ಣಿನದು ಹೆಚ್ಚುವರಿಯಾಗಿ ಬಿಗಿಯಿರಿ. ಮೊಳೆ ಬಗ್ಗಿಸಿ ಹೊಡೆಯುವುದಕ್ಕಿಂತ ಪಟ್ಟಿ ಇಟ್ಟು ಸ್ಕ್ರೂ ಹಾಕುವುದು ಗಟ್ಟಿ.

ನೆಲದ ಮೇಲೇ ಗೂಡಿದ್ದರೆ, ಅಥವಾ ಗೂಡಿನ ಮುಂದೆ ಕೋಳಿ ಅಡ್ಡಾಡಲು ಜಾಲರಿ ಕಟ್ಟೆ ಇದ್ದರೆ, ಅಡಿಪಾಯದ ಬಳಿ ಒಂದು ಉಪಾಯ ಮಾಡಬೇಕು. ಜಾಲರಿಯನ್ನು ನೇರವಾಗಿ ಆಳಕ್ಕೆ ಹೂಳುವುದು ಬಹಳ ಕೆಲಸ, ನಮ್ಮ ಗೊರಚು ನೆಲದಲ್ಲಂತೂ ಹಾರೆಯೇ ಬೇಕು. ಅದರ ಬದಲು ಎರಡಡಿ ಅಗಲದ ಜಾಲರಿಯನ್ನು ಬೇಲಿಯ ಬುಡದಿಂದ ಹೊರಗಡೆಗೆ ನೆಲದ ಮೇಲೆ ಹಾಸಿ, ಬೇಲಿಗೆ ತಂತಿಯಿಂದ ಹೊಲಿದು, ಮೇಲೆ ನಾಲ್ಕು ಬೆರಳು ಮಣ್ಣೋ ಸಾಲು ಕಲ್ಲೋ ಹಾಕಿ. ನರಿ ತೋಡಲು ಶುರು ಮಾಡುವುದು ಯಾವಾಗಲೂ ಬೇಲಿಯ ಬುಡಕ್ಕೇ. ಅಲ್ಲಿ ಉಗುರಿಗೆ ತಂತಿ ಸಿಕ್ಕರೆ ಎರಡಡಿ ಹಿಂದೆ ಸರಿದು ತೋಡಬೇಕೆಂಬ ಯೋಚನೆ ಅದಕ್ಕೆ ಬರುವುದು ಕಡಿಮೆ. ಹಾಸು ಒಳಗಡೆಗೆ ಬಂದರೆ ಪ್ರಯೋಜನವಿಲ್ಲ, ಹೊರಗಡೆಗೇ ಇರಬೇಕು.

ಬಾಗಿಲು ಒಳಗೆ ನೂಕಿದರೆ ತೆರೆಯುವಂತಿರಬಾರದು, ಹೊರಕ್ಕೆ ತೆರೆಯಬೇಕು, ಚೌಕಟ್ಟಿಗೆ ಒತ್ತಿಕೊಂಡು ನಿಲ್ಲಬೇಕು. ಕೆಳಗಿನ ಸಂದು ಎರಡು ಬೆರಳಿಗಿಂತ ಹೆಚ್ಚಿರಬಾರದು. ಅಗುಳಿ ಮೇಲೊಂದು ಕೆಳಗೊಂದು ಎರಡಿರಲಿ. ಒಂದೇ ಇದ್ದರೆ ಬಾಗಿಲ ಇನ್ನೊಂದು ಮೂಲೆ ಎಳೆದಾಗ ಬಾಗಿ ಸಂದು ಬಿಡುತ್ತದೆ. ಹಗ್ಗ ಸುತ್ತಿ ಬಿಡುವುದು, ಇಟ್ಟಿಗೆ ಒತ್ತಿಡುವುದು ಲೆಕ್ಕಕ್ಕಿಲ್ಲ.

ತಳಿಯೂ ಸ್ವಲ್ಪ ಮುಖ್ಯ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿ ತೂಕಕ್ಕೆ ಹೆಸರುವಾಸಿ. ಆಮೇಲೆ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಆದ್ದರಿಂದ ನರಿ, ಕಾಡುಬೆಕ್ಕು ಎರಗಿದಾಗ ತಪ್ಪಿಸಿಕೊಳ್ಳುವುದರಲ್ಲಿ ಚುರುಕು. ನಮ್ಮ ಅಪ್ಪಟ ನಾಟಿ ಕೋಳಿಯಂತೂ ಹುಣಸೆ, ಹೊಂಗೆ ಮರ ಹತ್ತಿ ಕೂರುತ್ತದೆ. ಹೇಗೂ ಮರದ ಮೇಲಿದೆಯಲ್ಲ ಎಂದು ಸುಮ್ಮನಾಗಬೇಡಿ. ನರಿಗೆ ಎಟುಕದಿದ್ದರೂ ಮರಬೆಕ್ಕಿಗೆ ಎಟುಕುತ್ತದೆ, ಮುಂಜಾನೆ ಕತ್ತಲಲ್ಲೇ ಕೆಳಗಿಳಿದರೆ ನರಿಯ ಬಾಯಿಗೂ ಸಿಗುತ್ತದೆ.

ಸಂಜೆಯ ಕೆಲಸ

ಎಷ್ಟು ಗಟ್ಟಿ ಗೂಡಿದ್ದರೂ ಬಾಗಿಲು ಹಾಕುವ ಹೊತ್ತು ತಪ್ಪಿದರೆ ಮುಗಿಯಿತು. ನರಿ ಹೆಚ್ಚು ಓಡಾಡುವುದು ದೀಪ ಹಚ್ಚುವ ಹೊತ್ತಿನಲ್ಲಿ ಮತ್ತು ಬೆಳಕು ಹರಿಯುವ ಮುಂಚೆ. ಎಲ್ಲರೂ ಟಿವಿ ಮುಂದೆ ಕೂತು, ಆಮೇಲೆ ಮುಚ್ಚಿದರಾಯಿತು ಎನ್ನುವ ಆ ಅರ್ಧ ಗಂಟೆಯೇ ಅದರ ಕೆಲಸದ ವೇಳೆ. ಗೂಡು ಮುಚ್ಚುವ ಕೆಲಸ ಮನೆಯಲ್ಲಿ ಒಬ್ಬರ ಹೆಸರಿಗೆ ಇರಲಿ. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ.

ಕೋಳಿಗೆ ಅಭ್ಯಾಸ ಮಾಡಿಸುವುದು ಕಷ್ಟವಲ್ಲ. ದಿನದ ಕೊನೆಯ ಹಿಡಿ ರಾಗಿಯನ್ನೋ ಜೋಳವನ್ನೋ ಗೂಡಿನೊಳಗೇ ಚೆಲ್ಲಿ, ಅದೂ ಒಂದೇ ಕೂಗು ಕೂಗಿ. ವಾರ ಹತ್ತು ದಿನಕ್ಕೆ ದನಿ ಕೇಳಿದ ಕೂಡಲೇ ಸಾಲಾಗಿ ಬರುತ್ತವೆ. ಹೊಸದಾಗಿ ತಂದ ಕೋಳಿಗಳನ್ನು ಮೊದಲ ಒಂದು ವಾರ ಹೊರಗೆ ಬಿಡದೆ ಅಲ್ಲೇ ಕೂಡಿಟ್ಟರೆ ಅದೇ ಮನೆಯೆಂದು ಗುರುತು ಹಿಡಿಯುತ್ತವೆ. ಮುಚ್ಚುವಾಗ ಎಣಿಸಿ. ಒಂದು ಕಡಿಮೆ ಬಂದರೆ ಆಗಲೇ ಹುಡುಕಿ. ಪೊದೆಯಲ್ಲಿ ಕಾವು ಕೂತಿರುವ ಹೇಟೆ ಇರಬಹುದು, ಅದನ್ನು ಮೊಟ್ಟೆ ಸಮೇತ ಒಳಗೆ ತಂದು ಕೂರಿಸಿ. ಬೆಳಿಗ್ಗೆ ಚೆನ್ನಾಗಿ ಬೆಳಕಾದ ಮೇಲೆಯೇ ಬಿಡಿ. ನಮ್ಮ ಕಡೆ ಕೋಳಿ ಕೂಗಿದ ತಕ್ಷಣ ಬಾಗಿಲು ತೆಗೆಯುವ ರೂಢಿ ಇದೆ, ಅದನ್ನು ಬಿಡಬೇಕು.

ಈಗ ಬೇಲಿ

ಹಿತ್ತಲಿಗೆ ಚೈನ್‌ಲಿಂಕ್ ಬೇಲಿ ಹಾಕಿಸುವುದಾದರೆ ಆರಡಿ ಎತ್ತರ ಬೇಕು. ನಾಲ್ಕಡಿ ಬೇಲಿಯ ಮೇಲೆ ಮುಂಗಾಲಿಟ್ಟು ಹಾರುವುದು ನರಿಗೆ ಕಷ್ಟವಲ್ಲ. ಮೇಲ್ತುದಿಯ ಒಂದಡಿಯನ್ನು ಹೊರಕ್ಕೆ ಬಾಗಿಸಿದರೆ ಹತ್ತಿದ್ದು ಅಲ್ಲೇ ತಡೆಯುತ್ತದೆ. ಬುಡಕ್ಕೆ ಆಗಲೇ ಹೇಳಿದ ಎರಡಡಿ ಹಾಸು. ಗೇಟಿನ ಕೆಳಗೆ ಮಣ್ಣು ಸವೆದು ಗುಂಡಿ ಬೀಳುತ್ತದೆ, ಅಲ್ಲೊಂದು ಚಪ್ಪಡಿ ಹೂತುಬಿಡಿ. ನೀರು ಹರಿದುಹೋಗುವ ಕಿಂಡಿಗೆ ಕಬ್ಬಿಣದ ಸರಳು ಕಟ್ಟಿಸಿ. ಇಷ್ಟೆಲ್ಲ ಬೇಲಿ ಹಾಕಿಸಿ ಕಿಂಡಿ ತೆರೆದಿಡುವವರೇ ಹೆಚ್ಚು.

ದುಡ್ಡಿಲ್ಲದವರಿಗೆ ಹಿಂದಿನ ಮುಳ್ಳು ಬೇಲಿ ಏನೂ ಕೆಟ್ಟದ್ದಲ್ಲ. ಜಾಲಿ ಮುಳ್ಳನ್ನು ಒತ್ತೊತ್ತಾಗಿ, ಕೊಂಬೆಯ ತುದಿ ಹೊರಗೆ ಬರುವಂತೆ ಜೋಡಿಸಿ, ಮೇಲೆ ಭಾರ ಹಾಕಬೇಕು. ಒಣಗಿ ಕುಗ್ಗುವುದರಿಂದ ಪ್ರತಿ ವರ್ಷ ಹೊಸದನ್ನು ಸೇರಿಸಬೇಕಾಗುತ್ತದೆ.

ಸೋಲಾರ್ ಬೇಲಿಯಲ್ಲಿ ಬ್ಯಾಟರಿಯಿಂದ ನಡೆಯುವ ಎನರ್ಜೈಸರ್ ಸೆಕೆಂಡಿಗೊಮ್ಮೆಯಂತೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ. ಚುರುಕ್ಕೆನ್ನುತ್ತದೆ, ಕೊಲ್ಲುವುದಿಲ್ಲ. ಹಂದಿ, ಆನೆಗೆಂದು ಹಾಕುವ ಬೇಲಿಯ ತಂತಿಗಳು ನರಿಗೆ ಎತ್ತರವಾಗುತ್ತವೆ; ನೆಲದಿಂದ ಆರು, ಹನ್ನೆರಡು, ಹದಿನೆಂಟು ಇಂಚಿನಲ್ಲಿ ತಂತಿ ಬೇಕು. ಅಷ್ಟು ಕೆಳಗೆ ತಂತಿ ಇದ್ದರೆ ಹುಲ್ಲು ತಾಗಿ ವಿದ್ಯುತ್ ಸೋರಿಹೋಗುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಳೆ ತೆಗೆಯುವ ವ್ಯವಧಾನವಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಗುಣಮಟ್ಟದ ಎನರ್ಜೈಸರನ್ನೇ ಕೊಳ್ಳಿ. ಸಹಾಯಧನ ಸದ್ಯ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲೂ ವಲಯ ಅರಣ್ಯ ಕಚೇರಿಯಲ್ಲೂ ವಿಚಾರಿಸಿ.

ಹೆದರಿಸುವ ಉಪಾಯಗಳು

ಹಳೆ ಸೀರೆ ಕಟ್ಟುವುದು, ಬಾಟಲಿ ನೇತುಹಾಕುವುದು, ಫಿನೈಲ್ ಚೆಲ್ಲುವುದು, ಕೂದಲು ಹರಡುವುದು, ರಾತ್ರಿಯಿಡೀ ರೇಡಿಯೊ ಹಾಕಿಡುವುದು. ಎಲ್ಲವೂ ಸ್ವಲ್ಪ ದಿನ ನಡೆಯುತ್ತವೆ. ಇದರಿಂದ ಏನೂ ಆಗುವುದಿಲ್ಲ ಎಂದು ನರಿಗೆ ಗೊತ್ತಾದ ಮೇಲೆ ಅದೇ ಸೀರೆಯ ಕೆಳಗೆ ನುಸುಳಿ ಬರುತ್ತದೆ. ಇವುಗಳಲ್ಲಿ ನಾನು ದುಡ್ಡು ಕೊಡಬಹುದು ಎನ್ನುವುದು ಒಂದಕ್ಕೆ ಮಾತ್ರ: ಮುಂದೆ ಏನಾದರೂ ಸುಳಿದಾಗ ತಟ್ಟನೆ ಹೊತ್ತಿಕೊಳ್ಳುವ ಸೋಲಾರ್ ಸೆನ್ಸರ್ ದೀಪ. ಸದಾ ಉರಿಯುವ ದೀಪಕ್ಕೆ ನರಿ ಹೊಂದಿಕೊಳ್ಳುತ್ತದೆ, ದಿಢೀರನೆ ಬರುವ ಬೆಳಕಿಗೆ ಹೊಂದಿಕೊಳ್ಳಲು ಹೆಚ್ಚು ದಿನ ಬೇಕು. ನರಿಯ ಎತ್ತರಕ್ಕೆ, ಅಂದರೆ ನೆಲದಿಂದ ಒಂದೂವರೆ ಅಡಿಯಲ್ಲಿ ಕಟ್ಟಿ, ವಾರಕ್ಕೊಮ್ಮೆ ಜಾಗ ಬದಲಿಸಿ. ಅದರ ಜೊತೆ ಮನುಷ್ಯರ ಓಡಾಟವೂ ಇರಲಿ. ಮಲಗುವ ಮುಂಚೆ ಒಮ್ಮೆ ಟಾರ್ಚ್ ಹಿಡಿದು ಸುತ್ತು ಹಾಕುವುದಕ್ಕೆ ಸಾಟಿಯಾದ ಯಂತ್ರ ಬಂದಿಲ್ಲ.

ನಾಯಿ ಸಾಕಿದರೆ? ಒಳ್ಳೆಯದೇ. ಆದರೆ ಮರಿಯಿಂದಲೇ ಕೋಳಿಗಳ ಜೊತೆ ಬೆಳೆದ ಸಾಧಾರಣ ನಾಡ ನಾಯಿ ಸಾಕು, ಬೊಗಳಿದರೆ ಅದರ ಕೆಲಸ ಮುಗಿಯಿತು. ಮುಧೋಳದ್ದು ಓಡಿಸಿ ಹಿಡಿಯುವ ಬೇಟೆ ನಾಯಿ, ಕಾವಲಿಗೆಂದು ಅದನ್ನು ರಾತ್ರಿ ಬಿಚ್ಚಿ ಬಿಟ್ಟರೆ ನರಿಯನ್ನು ಕೊಂದು ತಂದೀತು, ಆಗ ತೊಂದರೆ ನಿಮಗೆ. ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ, ಜೊತೆಗೆ ಡಿಸ್ಟೆಂಪರ್ ಲಸಿಕೆಯೂ ಆಗಿರಲಿ. ಊರ ನಾಯಿಗಳಿಂದ ಡಿಸ್ಟೆಂಪರ್ ರೋಗ ನರಿಗಳಿಗೆ ಹರಡುತ್ತದೆ, ರೇಬೀಸ್ ಎರಡೂ ಕಡೆಯಿಂದ ಹರಡುತ್ತದೆ.

ಹಿತ್ತಲ ಹತ್ತಿರವೇ ಮರಿ ಹಾಕಿದ್ದರೆ

ಬದುವಿನಲ್ಲೋ ಮೋರಿಯಲ್ಲೋ ಬಿಲ ಕಂಡು, ಬಾಗಿಲಲ್ಲಿ ಮರಿಗಳು ಆಡುತ್ತಿದ್ದರೆ ಬಿಲ ಮುಚ್ಚಬೇಡಿ, ಹೊಗೆ ಹಾಕಬೇಡಿ. ಮರಿಗಳನ್ನು ಮನೆಗೆ ತರುವುದಂತೂ ಬೇಡವೇ ಬೇಡ. ಜನ ಹತ್ತಿರ ಓಡಾಡುತ್ತಿದ್ದಾರೆಂದು ಗೊತ್ತಾದರೆ ತಾಯಿಯೇ ಎಷ್ಟೋ ಸಲ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಆ ಒಂದೆರಡು ತಿಂಗಳು ಕೋಳಿಗಳನ್ನು ಹಗಲೂ ಜಾಲರಿ ಕಟ್ಟೆಯೊಳಗೇ ಇಟ್ಟುಕೊಳ್ಳಿ, ಮರಿಗಳಿಗೆ ಉಣಿಸಬೇಕಾದ ನರಿ ಹಗಲಲ್ಲೂ ಬೇಟೆಗೆ ಬರುತ್ತದೆ. ಮರಿಗಳು ಬೆಳೆದು ಬಿಲ ಖಾಲಿಯಾದುದು ಖಾತ್ರಿಯಾದ ಮೇಲೆ ಕಲ್ಲು ತುಂಬಿ ಮುಚ್ಚಿದರೆ ಮುಂದಿನ ವರ್ಷ ಅಲ್ಲಿಗೇ ಬರುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಬಿಲದ ಬಾಯಿಗೆ ಒಣ ಕಡ್ಡಿಗಳನ್ನು ಸಡಿಲವಾಗಿ ಅಡ್ಡ ಇಡಿ. ನಾಲ್ಕೈದು ದಿನ ಅವು ಅಲುಗದೆ ಇದ್ದರೆ ಒಳಗೆ ಯಾರೂ ಇಲ್ಲ.

ಕೋಳಿಯಲ್ಲದೆ ಕಲ್ಲಂಗಡಿ, ಕರಬೂಜ, ಮೆಕ್ಕೆಜೋಳದ ತೆನೆಗೂ ನರಿ ಬಾಯಿ ಹಾಕುತ್ತದೆ. ಕಾಫಿ ಸೀಮೆಯಲ್ಲಿ ಹಣ್ಣಾದ ಕಾಫಿಯನ್ನೂ ತಿನ್ನುತ್ತದೆ. ಹಿತ್ತಲಿನ ನಾಲ್ಕು ಬಳ್ಳಿಯ ಮಟ್ಟಿಗೆ ಹಣ್ಣು ಬಲಿಯುವ ಕೊನೆಯ ವಾರ ಮಂಕರಿ ಕವಚಿ ಗೂಟ ಹೊಡೆದರೆ ಸಾಕು.

ಇದನ್ನು ಮಾತ್ರ ಮಾಡಬೇಡಿ

ಮನೆಯ ಕರೆಂಟನ್ನು ನೇರವಾಗಿ ತಂತಿ ಬೇಲಿಗೆ ಕೊಡುವುದು. ಇದರಿಂದ ಹಂದಿ, ನರಿಗಿಂತ ಮೊದಲು ರಾತ್ರಿ ನೀರು ಕಟ್ಟಲು ಹೋದ ಪಕ್ಕದ ಹೊಲದವರೋ ನಿಮ್ಮ ಮನೆಯ ಮಕ್ಕಳೋ ಸಾಯುತ್ತಾರೆ. ಪ್ರತಿ ವರ್ಷ ಇಂಥ ಸುದ್ದಿ ಓದುತ್ತೇವೆ, ಆದರೂ ಇದು ನಿಂತಿಲ್ಲ. ಕೀಟನಾಶಕ ಬೆರೆಸಿದ ಮಾಂಸ ಇಡುವುದೂ ಅಷ್ಟೇ; ಅದನ್ನು ನರಿ ತಿನ್ನುವುದಕ್ಕೆ ಮುಂಚೆ ನಿಮ್ಮ ನಾಯಿ ತಿನ್ನುತ್ತದೆ, ಸತ್ತದ್ದನ್ನು ತಿಂದ ಹದ್ದು ಕಾಗೆಗಳೂ ಸಾಯುತ್ತವೆ. ಉರುಳು, ಸಿಡಿಮದ್ದು ಎಲ್ಲ ಇದೇ ಸಾಲಿನವು.

ಕಾನೂನಿನ ಮಾತು ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ದೊಡ್ಡ ನರಿ, ಸಣ್ಣ ನರಿ ಎರಡೂ ಈಗ ಮೊದಲನೆಯ ಅನುಸೂಚಿಯಲ್ಲಿವೆ, ಅಂದರೆ ಹುಲಿ ಆನೆಗಳಿರುವ ಪಟ್ಟಿಯಲ್ಲೇ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕೋಳಿ ಹೋಯಿತೆಂಬ ಸಿಟ್ಟು ಇದಕ್ಕೆ ಸಬೂಬಾಗುವುದಿಲ್ಲ. ಎದ್ದ ಕೂಡಲೇ ನರಿ ಮುಖ ಕಂಡರೆ ಅದೃಷ್ಟ ಎನ್ನುವ ಊರಿನಲ್ಲೇ ನರಿಗೆ ಉರುಳು ಹಾಕುವವರೂ ಇದ್ದಾರೆ. ನರಿ ಕೊಂಬು ಎಂದು ಮಾರಲು ಬರುವವರ ಮಾತಿಗಂತೂ ಕಿವಿಗೊಡಬೇಡಿ. ನರಿಗೆ ಕೊಂಬೇ ಇಲ್ಲ, ಕೊಂಡವರ ಮೇಲೂ ಕೇಸು ಬೀಳುತ್ತದೆ. ಬಾವಿಗೆ ಬಿದ್ದ, ತಂತಿಗೆ ಸಿಕ್ಕಿಕೊಂಡ ನರಿ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ.

ಹಗಲಲ್ಲಿ ಅಂಗಳಕ್ಕೇ ಬಂದ ನರಿ

ಹಗಲಲ್ಲಿ ಕಂಡ ನರಿಯೆಲ್ಲ ಹುಚ್ಚು ನರಿಯಲ್ಲ. ಮೈಕೂದಲು ಉದುರಿದ್ದರೆ ಕಜ್ಜಿ ರೋಗವಿರಬಹುದು. ಆದರೆ ಜನರನ್ನು ಕಂಡೂ ಹೆದರದೆ ಮೇಲೆ ಬರುವುದು, ತೂರಾಡುವುದು, ಜೊಲ್ಲು ಸುರಿಸುವುದು, ಸಿಕ್ಕಿದ್ದನ್ನೆಲ್ಲ ಕಚ್ಚುವುದು ಕಂಡರೆ ರೇಬೀಸ್ ಎಂದೇ ತಿಳಿದು ಮಕ್ಕಳನ್ನೂ ದನಕರುಗಳನ್ನೂ ಒಳಗೆ ಮಾಡಿ ಬಾಗಿಲು ಹಾಕಿ, ಅರಣ್ಯ ಇಲಾಖೆಗೆ ತಿಳಿಸಿ. ದೊಣ್ಣೆ ಹಿಡಿದು ಸುತ್ತುವರಿಯಲು ಹೋಗಬೇಡಿ.

ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಕೂಡ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ನಮ್ಮ ಅಂದಾಜಿನ 15 ನಿಮಿಷ ಎರಡು ಮೂರಕ್ಕೇ ಮುಗಿದಿರುತ್ತದೆ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು, ಬಟ್ಟೆ ಬಿಗಿಯಾಗಿ ಕಟ್ಟಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ; ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನದ ನಂತರ 3, 7, 28ನೇ ದಿನ ಮತ್ತೆ ಹಾಕಿಸಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗದಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಹಸು, ಕುರಿ, ನಾಯಿಗೆ ಕಚ್ಚಿದ್ದರೂ ಗಾಯವನ್ನು ಹೀಗೇ ತೊಳೆದು ಪಶುವೈದ್ಯರಿಗೆ ತೋರಿಸಿ. ತೊಳೆಯುವವರು ಕೈಗವಸು ಹಾಕಿಕೊಳ್ಳಲಿ. ಕಚ್ಚಿಸಿಕೊಂಡ ದನದ ಬಾಯಿಗೆ ಕೈ ಹಾಕಿ ಔಷಧಿ ಕುಡಿಸಲು ಹೋಗಬೇಡಿ, ಹಾಲಿನ ವಿಷಯದಲ್ಲಿ ಏನು ಮಾಡಬೇಕೆಂದು ವೈದ್ಯರನ್ನೇ ಕೇಳಿ.